ಟ್ರಕ್ ಗೇರ್‌ಬಾಕ್ಸ್ ಬಿಸಿ: ಎಷ್ಟಾದರೆ ಸಹಜ?

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಪಿಕಪ್ ಟ್ರಕ್ಕಿಗೆ ಟ್ರೇಲರ್ ಕಟ್ಟಿಕೊಂಡು ಪ್ರವಾಸ ಹೊರಡುವ ಕನ್ನಡಿಗರು, ಗೇರ್‌ಬಾಕ್ಸ್ ಆಯಿಲ್ ತುಸು ಬಿಸಿಯಾದೊಡನೆ ಗಾಬರಿಪಡಬೇಕಿಲ್ಲ. ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಸುಮಾರು 80ರಿಂದ 95 ಡಿಗ್ರಿ ಸೆಲ್ಸಿಯಸ್ ಸಹಜ. ಕೊಲೊರಾಡೊದ ಐಸೆನ್‌ಹೋವರ್ ಸುರಂಗದತ್ತ ಏರುವಂಥ ಕಡಿದಾದ ಹೆದ್ದಾರಿಯಲ್ಲಿ ಭಾರ ಎಳೆದುಕೊಂಡು ನಿಧಾನವಾಗಿ ಸಾಗುವಾಗ, ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಲಾಕ್ ಆಗದೆ, ಎಂದರೆ ಎರಡನ್ನೂ ನೇರವಾಗಿ ಬೆಸೆಯದೆ, ಅದರೊಳಗಿನ ಆಯಿಲ್ ಮಜ್ಜಿಗೆಯಂತೆ ಕಡೆಯಲ್ಪಟ್ಟು ಬಿಸಿಯೇರುವುದರಿಂದ, ಬಿಸಿ ತೋರಿಸುವ ಮೀಟರಿನ ಮುಳ್ಳು 105ರ ಆಸುಪಾಸಿಗೆ ಹೋಗಿ ಇಳಿಜಾರಿನಲ್ಲಿ ಮತ್ತೆ ಕೆಳಗಿಳಿಯುವುದುಂಟು. 120 ದಾಟಿದರೆ ಮಾತ್ರ ಗಾಡಿಯನ್ನು ಬದಿಗೆ ನಿಲ್ಲಿಸಿ, ಪಾರ್ಕ್‌ನಲ್ಲಿ ಎಂಜಿನ್ ಓಡುತ್ತಿರಲು ಬಿಡಬೇಕು. ಎಂಜಿನ್ ನಿಲ್ಲಿಸಿದರೆ, ಆಯಿಲನ್ನು ತಣಿಸುವ ಕೂಲರ್‌ಗೆ ಅದು ಹರಿಯುವುದೇ ನಿಲ್ಲುತ್ತದೆ. ಕೆಲವು ಗಾಡಿಗಳಲ್ಲಿ ಎಚ್ಚರಿಕೆಯ ದೀಪವಷ್ಟೇ ಇದೆ. ಭಾರ ಎಳೆಯಲೆಂದೇ ಮಾರುವ ಟ್ರಕ್ಕುಗಳಲ್ಲಿ ಅಂಕಿ ತೋರಿಸುವ ಮೀಟರನ್ನು ತಯಾರಕರು ಕಡ್ಡಾಯವಾಗಿ ಕೊಡಬೇಕೆಂಬುದು ನನ್ನ ಒತ್ತಾಯ.

– ಓದುಗ, ಡೆನ್ವರ್