ದಾವಣಗೆರೆ ಹಕ್ಕಿ ಸಾಕಣೆ ಗುಂಪು: ಗಿಣಿ ಕೊಳ್ಳುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಆಫ್ರಿಕನ್ ಗ್ರೇ, ಅಂದರೆ ಆಫ್ರಿಕಾದ ಬೂದು ಗಿಣಿ ವಿಷಯದಲ್ಲಿ ನಿನ್ನೆ ವಾದ ಸ್ವಲ್ಪ ಜಾಸ್ತಿನೇ ಆಯ್ತು. ಹೊಸ ಬ್ಲಡ್‌ಲೈನ್ (ಬೇರೆ ವಂಶದ ಹಕ್ಕಿ) ಬೇಕು, ಅದಕ್ಕೆ ಕಾಡಿನ ಹಕ್ಕಿನೇ ತರಿಸಬೇಕು ಅಂತ ಕೆಲವರ ಮಾತು. ಅದು ಆಗದ ಕೆಲಸ. 2017ರಿಂದ ಈ ಗಿಣಿ ಸೈಟಿಸ್ ಅನ್ನೋ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ಅಂದರೆ ಅತಿ ಬಿಗಿಯಾದ ಪಟ್ಟಿಯಲ್ಲಿದೆ. ಕಾಡಲ್ಲಿ ಹಿಡಿದದ್ದನ್ನು ದೇಶ ದಾಟಿಸಿ ಮಾರುವಂತಿಲ್ಲ. ಕಾಡಲ್ಲಿ ಅದರ ಸ್ಥಿತಿ ಅಷ್ಟು ಕೆಟ್ಟಿದೆ: ಘಾನಾದಲ್ಲಿ 1990ರ ದಶಕದಿಂದೀಚೆಗೆ ಶೇ 90ಕ್ಕೂ ಹೆಚ್ಚು ಗ್ರೇ ಗಿಣಿಗಳು ಕಡಿಮೆಯಾಗಿವೆ.

ಕಾಡಿನ ಹಕ್ಕಿ ಇಲ್ಲದೆಯೂ ಸಾಕಣೆ ನಡೆಯುತ್ತೆ. ನಾವು ಲವ್ ಬರ್ಡ್ಸ್ ಅಂತ ಸಾಕುವ ಪುಟ್ಟ ಬಜರಿಗರ್ ಗಿಣಿಗಳನ್ನೇ ನೋಡಿ. ಆಸ್ಟ್ರೇಲಿಯಾದ ಕಾಡಿನಿಂದ ಬರೋದು ನಿಂತು ದಶಕಗಳೇ ಆದವು. ಬಣ್ಣಕ್ಕೇನಾದರೂ ಬರ ಬಂದಿದೆಯಾ?

ಆದರೆ 'ಸಾಕಿದ ಮರಿ' ಅಂದ ತಕ್ಷಣ ನಂಬಬೇಡಿ. ಕಾಲಲ್ಲಿ ಸೀಳಿಲ್ಲದ ಇಡೀ ಉಂಗುರ ಇದೆಯಾ ನೋಡಿ. ಗ್ರೇ ಮರಿ ಎರಡು ಮೂರು ವಾರದ್ದಿರುವಾಗ ಮೂರು ಬೆರಳು ಕೂಡಿಸಿ ಉಂಗುರ ತೂರಿಸಿ, ಉಳಿದೊಂದು ಬೆರಳನ್ನು ಮೆಲ್ಲಗೆ ಈಚೆ ಎಳೆಯುತ್ತಾರೆ. ಬೆಳೆದ ಕಾಲಿಗೆ ಅದು ಹತ್ತೋದಿಲ್ಲ, ಹಾಗಾಗಿ ದೊಡ್ಡದಾದ ಮೇಲೆ ಹಿಡಿದ ಹಕ್ಕಿಗೆ ಹಾಕೋಕಾಗಲ್ಲ. ಸೀಳಿರುವ ಉಂಗುರವನ್ನು ಯಾವ ವಯಸ್ಸಿನ ಹಕ್ಕಿಗಾದರೂ ಹಾಕಬಹುದು, ಅದು ಲೆಕ್ಕಕ್ಕಿಲ್ಲ. ಗ್ರೇ, ಮಕಾವ್ (ಉದ್ದ ಬಾಲದ ದೊಡ್ಡ ವಿದೇಶಿ ಗಿಣಿ) ಇದ್ದವರು 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. ಹಕ್ಕಿ ಕೈ ಬದಲಾದರೂ ತಿಳಿಸಬೇಕು.

ಇನ್ನು ಮೆಕ್ಕೆಜೋಳದ ಹೊಲಕ್ಕೆ ಬೀಳೋ ನಮ್ಮ ಹಸಿರು ಗಿಣಿ. ಇಲ್ಲಿ ಚರ್ಚೆಗೇ ಜಾಗ ಇಲ್ಲ. ವನ್ಯಜೀವಿ ಕಾಯ್ದೆ ಪ್ರಕಾರ ಹಿಡಿಯೋದು, ಮಾರೋದು, ಪಂಜರದಲ್ಲಿ ಇಡೋದು ಎಲ್ಲಾ ಅಪರಾಧ. 'ಜೋಗಿಮಟ್ಟಿ ಕಾಡಿನ ಕಡೆ ಮರಿ ಇದೆ, ರೇಟ್ ಕೇಳಿ' ಅನ್ನೋ ಥರದ ಪೋಸ್ಟ್ ಬಂದರೆ ತಕ್ಷಣ ಡಿಲೀಟ್ ಮಾಡ್ತೀವಿ, ಹಾಕಿದವರನ್ನೂ ಗುಂಪಿನಿಂದ ತೆಗೀತೀವಿ. ಸಾಕಣೆ ಬಗ್ಗೆ ಏನೇ ಅನುಮಾನ ಇದ್ದರೂ ಧಾರಾಳವಾಗಿ ಕೇಳಿ.