ಚಂದ್ರ ಬೀಳುತ್ತಲೇ ಇದ್ದಾನೆ

ಮಾನ್ಯ ಸಂಪಾದಕರೆ,

ಗ್ರಹಣ ಬಂದಾಗ, ಉಪಗ್ರಹ ಹಾರಿದಾಗ ಪತ್ರಿಕೆಗಳ ವಿಜ್ಞಾನ ಪುಟಗಳಲ್ಲಿ ಒಂದು ಮಾತು ಆಗಾಗ ಕಾಣಿಸಿಕೊಳ್ಳುತ್ತದೆ: ‘ಭೂಮಿಯ ಗುರುತ್ವ ಚಂದ್ರನನ್ನು ಒಳಕ್ಕೆ ಎಳೆಯುತ್ತದೆ, ಕೇಂದ್ರಾಪಗಾಮಿ ಬಲ ಹೊರಕ್ಕೆ ತಳ್ಳುತ್ತದೆ, ಎರಡೂ ಸಮ ಇರುವುದರಿಂದ ಚಂದ್ರ ಬೀಳುವುದಿಲ್ಲ.’ ಎದುರುಬದುರು ಬಾಣಗಳ ಚಿತ್ರವೂ ಜತೆಗಿರುತ್ತದೆ. ಇದು ತಪ್ಪು. ಮಕ್ಕಳು ಇದನ್ನೇ ಉತ್ತರಪತ್ರಿಕೆಯಲ್ಲೂ ಬರೆಯುತ್ತಾರೆ, ಒಮ್ಮೆ ತಲೆಯಲ್ಲಿ ಕೂತರೆ ಬಿಡಿಸುವುದು ಕಷ್ಟ.

ಎರಡು ಬಲಗಳು ಸಮವಾದರೆ ಉಳಿಯುವುದು ಸೊನ್ನೆ. ಬಲ ಸೊನ್ನೆಯಾದ ವಸ್ತು ನೇರ ಗೆರೆಯಲ್ಲಿ ಹೋಗುತ್ತದೆಯೇ ಹೊರತು ಸುತ್ತು ಹಾಕುವುದಿಲ್ಲ. ಚಂದ್ರನ ದಾರಿ ಭೂಮಿಯ ಕಡೆಗೆ ಬಾಗಿದೆ ಎಂದರೆ ಒಳಗಿನ ಎಳೆತಕ್ಕೆ ಎದುರಾಳಿ ಇಲ್ಲ ಎಂದೇ ಅರ್ಥ. ಚಂದ್ರನ ಜತೆಗೇ ತಿರುಗುವ ಚೌಕಟ್ಟಿನಲ್ಲಿ, ಅಂದರೆ ಅವನ ಜತೆಗೇ ಸುತ್ತುತ್ತ ನೋಡಿದಂತೆ, ಲೆಕ್ಕ ಮಾಡುವವರು ಕೇಂದ್ರಾಪಗಾಮಿ ಬಲವನ್ನು ಸೇರಿಸಿಕೊಳ್ಳುತ್ತಾರೆ, ನಿಜ. ಅದು ಲೆಕ್ಕದ ಅನುಕೂಲ. ಹೊರಗೆ ನಿಂತು ನೋಡುವ ಚಿತ್ರದಲ್ಲಿ ಅದಕ್ಕೆ ಜಾಗವಿಲ್ಲ.

ಹಾಗಾದರೆ ಚಂದ್ರ ಬೀಳುವುದಿಲ್ಲವೇಕೆ? ಬೀಳುತ್ತಲೇ ಇದ್ದಾನೆ. ಅವನ ಸರಾಸರಿ ದೂರ 3,84,400 ಕಿ.ಮೀ., ಅಂದರೆ ಭೂಮಿಯ ತ್ರಿಜ್ಯದ ಸುಮಾರು 60 ಪಟ್ಟು. ಗುರುತ್ವ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ, ಭೂಮಿಯ ಕೇಂದ್ರದಿಂದ ದೂರ 60 ಪಟ್ಟಾದರೆ ಎಳೆತ 3,600 (60 × 60) ಪಾಲಿನಲ್ಲಿ ಒಂದು ಪಾಲಾಗುತ್ತದೆ. ಇಲ್ಲಿ ಕೈಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಅದನ್ನು 3,600ರಿಂದ ಭಾಗಿಸಿದರೆ 1.36 ಮಿ.ಮೀ. ಚಂದ್ರ ಒಂದು ಸೆಕೆಂಡಿನಲ್ಲಿ ಪಕ್ಕಕ್ಕೆ 1 ಕಿ.ಮೀ.ಗಿಂತ ತುಸು ಹೆಚ್ಚು ಸಾಗುವಷ್ಟರಲ್ಲಿ ನಮ್ಮ ಕಡೆಗೆ ಬೀಳುವುದು ಇಷ್ಟೇ, ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದ ದಪ್ಪ. ಬೀಳದಿದ್ದರೆ ನೇರ ಸಾಗಿ ದೂರವಾಗುತ್ತಿದ್ದ. ಪಕ್ಕಕ್ಕೆ ಸಾಗದಿದ್ದರೆ ಸೀದಾ ನಮ್ಮ ಮೇಲೆ ಬೀಳುತ್ತಿದ್ದ. ನ್ಯೂಟನ್ ತಾಳೆ ನೋಡಿದ್ದೂ ಇದೇ ಲೆಕ್ಕವನ್ನು.

ತರಗತಿಯಲ್ಲಿ ತೋರಿಸಲು ಒಂದು ಮೀಟರ್ ದಾರಕ್ಕೆ ರಬ್ಬರ್ ಬಿರಡೆ ಕಟ್ಟಿ ತಲೆಯ ಮೇಲೆ ಸುತ್ತಿಸಿ ಬಿಟ್ಟರೆ ಸಾಕು. ಬಿರಡೆ ಕೇಂದ್ರದಿಂದ ಹೊರಕ್ಕೆ ಚಿಮ್ಮುವುದಿಲ್ಲ, ಬಿಟ್ಟ ಕ್ಷಣದಲ್ಲಿ ಎತ್ತ ಸಾಗುತ್ತಿತ್ತೋ ಅತ್ತಲೇ ಹೋಗುತ್ತದೆ. ಜೋಳದ ಹೊಲದಲ್ಲಿ ಕವಣೆ ಬೀಸುವವರಿಗೆ ಇದು ಗೊತ್ತೇ ಇದೆ: ಹಕ್ಕಿ ಎದುರಿಗಿದ್ದರೆ ಕಲ್ಲು ಎದುರಿಗೆ ಬಂದಾಗಲ್ಲ, ಸುತ್ತಿನ ಕಾಲು ಭಾಗ ಮೊದಲೇ ಹುರಿ ಬಿಡಬೇಕು. ಪ್ರಯೋಗ ಕೆಡುವುದೂ ಇಲ್ಲೇ. ಬೆರಳು ತಡವಾಗಿ ಬಿಟ್ಟರೆ ಬಿರಡೆ ಬೇರೆತ್ತಲೋ ಹೋಗಿ, ಮಕ್ಕಳು ‘ಹೊರಗೆ ತಳ್ಳಿತು’ ಎಂದುಕೊಳ್ಳುತ್ತಾರೆ. ನೆಲದ ಮೇಲೆ ಸೀಮೆಸುಣ್ಣದಿಂದ ವೃತ್ತ ಬರೆದು, ಬಿಡುವ ಜಾಗವನ್ನು ಮೊದಲೇ ಗುರುತು ಮಾಡಿ, ನಾಲ್ಕೈದು ಸಲ ಮಾಡಿ ತೋರಿಸಬೇಕು.

ಇನ್ನೊಂದು ಪದ ‘ಶೂನ್ಯ ಗುರುತ್ವ’. 2025ರಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಇದು ಎಲ್ಲೆಡೆ ಓಡಾಡಿತು. ನಿಲ್ದಾಣವಿರುವ ಸುಮಾರು 400 ಕಿ.ಮೀ. ಎತ್ತರದಲ್ಲಿ ಗುರುತ್ವ ನೆಲದ ಮೇಲಿನದರ ಶೇ 89ರಷ್ಟಿದೆ. ನಿಲ್ದಾಣವೂ ಒಳಗಿನವರೂ ಒಟ್ಟಿಗೇ ಬೀಳುತ್ತಿರುವುದರಿಂದ ಕಾಲಡಿಯ ನೆಲ ಅವರನ್ನು ಒತ್ತುವುದಿಲ್ಲ, ತೇಲುವುದು ಅದಕ್ಕೇ. ‘ತೂಕರಹಿತ ಸ್ಥಿತಿ’ ಎನ್ನಿ, ಸರಿಯಾಗುತ್ತದೆ.

ಕಕ್ಷೆ ಬದಲಿಸುವಾಗಲೂ ಯಾರೂ ನೌಕೆಯನ್ನು ಹೊರಕ್ಕೆ ತಳ್ಳುವುದಿಲ್ಲ, ವೇಗವನ್ನಷ್ಟೇ ಬದಲಿಸುತ್ತಾರೆ. ಚಂದ್ರಯಾನ-3 ಭೂಮಿಗೆ ಅತಿ ಹತ್ತಿರ ಬಂದಾಗ ನಾಲ್ಕು ಸಲ ಸಾಗುವ ದಿಕ್ಕಿಗೇ ನೂಕುವಂತೆ ಎಂಜಿನ್ ಉರಿಸಿ ವೇಗ ಏರಿಸಿದರು. ಎತ್ತರವಾದದ್ದು ಕಕ್ಷೆಯ ಆಚೆ ತುದಿ. ಸುಮಾರು 36,500 ಕಿ.ಮೀ. ಇದ್ದ ಆ ತುದಿ ಹೀಗೆ 1,27,600 ಕಿ.ಮೀ. ದಾಟಿತು. 2023ರ ಆಗಸ್ಟ್ 5ರಂದು ಚಂದ್ರನ ಬಳಿ ಮಾಡಿದ್ದು ಇದರ ವಿರುದ್ಧ: ಸುಮಾರು ಅರ್ಧ ಗಂಟೆ ಎಂಜಿನ್ ಉರಿಸಿ ವೇಗ ತಗ್ಗಿಸಿದರು. ತಗ್ಗಿಸದಿದ್ದರೆ ಚಂದ್ರನ ಎಳೆತ ದಾರಿಯನ್ನು ಒಂದಿಷ್ಟು ಬಾಗಿಸುತ್ತಿತ್ತು, ನೌಕೆ ಮಾತ್ರ ದಾಟಿ ಹೋಗಿಬಿಡುತ್ತಿತ್ತು.

ಆದ್ದರಿಂದ ವಿನಂತಿ. ಮುಂದಿನ ಸಲ ಚಿತ್ರ ಹಾಕುವಾಗ ಚಂದ್ರನಿಂದ ಎರಡೇ ಬಾಣ ಬಿಡಿಸಿ. ಒಂದು ಭೂಮಿಯ ಕಡೆಗೆ, ಅದಕ್ಕೆ ‘ಬಲ’ ಎಂದು ಬರೆಯಿರಿ. ಇನ್ನೊಂದು ಕಕ್ಷೆಗೆ ಸ್ಪರ್ಶರೇಖೆಯಾಗಿ, ಅದಕ್ಕೆ ‘ವೇಗ’ ಎಂದು. ಎರಡಕ್ಕೂ ಬೇರೆ ಬೇರೆ ಬಣ್ಣವಿರಲಿ, ಇಲ್ಲದಿದ್ದರೆ ವೇಗವನ್ನೂ ಬಲವೆಂದೇ ಓದುತ್ತಾರೆ.

– ಪ್ರೌಢಶಾಲಾ ವಿಜ್ಞಾನ ಶಿಕ್ಷಕ, ಹಾಸನ