ದೂರು: ನಿಮ್ಮ ಸಾಫ್ಟ್‌ವೇರಿನಲ್ಲಿ ಧಾರಾವಿಯೂ ಕುರ್ಲಾವೂ ಒಂದೇ ಊರು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಅಂಧೇರಿ ಪೂರ್ವ, ಮುಂಬಯಿ

ವಿಷಯ: ಕನ್ನಡ ಅಕ್ಷರ ಹಾಳು ಮಾಡಿ ತಪ್ಪು ಲೆಕ್ಕ ಕೊಟ್ಟ ಅಂಕಿಅಂಶ ಸಾಫ್ಟ್‌ವೇರ್ ಮತ್ತು ನಾವು ಕಟ್ಟಿದ ವರ್ಷದ ಶುಲ್ಕ

ಮಾನ್ಯರೇ,

ಈ ಪತ್ರವನ್ನು ಬೇಕೆಂದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮಾರಾಟ ಪ್ರತಿನಿಧಿ ಕುಂದಾಪುರದ ಕಡೆಯವರು. ಮಾಟುಂಗಾದಲ್ಲಿ ನಮ್ಮ ಜೊತೆ ಕಾಫಿ ಕುಡಿಯುತ್ತಾ, "ಯಾವ ಭಾಷೆ ಹಾಕಿದ್ರೂ ನಡೀತದೆ ಮಾರಾಯ್ರೆ" ಅಂದಿದ್ದರು. ಕನ್ನಡದಲ್ಲಿ ಮಾರಿದ ಸಾಮಾನಿನ ದೂರೂ ಕನ್ನಡದಲ್ಲೇ ಇರಲಿ ಅಲ್ವಾ? ಇಂಗ್ಲಿಷ್ ಪ್ರತಿಯನ್ನೂ ಲಗತ್ತಿಸಿದ್ದೇನೆ.

ನಮ್ಮದು ಸಣ್ಣ ಕನ್ನಡ ಸಂಘ. ಮಕ್ಕಳಿಗೆ ಭಾನುವಾರದ ಕನ್ನಡ ತರಗತಿ ಎಲ್ಲಿ ಶುರು ಮಾಡಬೇಕು ಅಂತ ತಿಳಿಯಲು ಧಾರಾವಿ, ಕುರ್ಲಾ, ಸಯಾನ್, ವಡಾಲಾ, ಮಾಟುಂಗಾ, ಚೆಂಬೂರುಗಳಲ್ಲಿ ಮನೆಮನೆಗೆ ಹೋಗಿ 372 ಫಾರಂ ತುಂಬಿಸಿದೆವು. ಎಲ್ಲವೂ ಕನ್ನಡದಲ್ಲಿ. ಇಲ್ಲಿನ ಮಹಾನಗರ ಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತದೆ. ಅಲ್ಲಿ ಓದಿದ ಅಪ್ಪ ಅಮ್ಮಂದಿರಿಗೆ ಇಂಗ್ಲಿಷ್ ಫಾರಂ ಕೊಡುವುದು ನಮಗೇ ಸರಿ ಕಾಣಲಿಲ್ಲ.

ಎಕ್ಸೆಲ್‌ನಲ್ಲಿ ಎಲ್ಲ ಚೆನ್ನಾಗಿತ್ತು. ನಿಮ್ಮ ಸಾಫ್ಟ್‌ವೇರಿಗೆ ಫೈಲ್ ಹಾಕಿ, ಊರುವಾರು ಎಣಿಸು ಅಂದೆ. ಆರು ಸಾಲು ಬರಬೇಕಿತ್ತು, ಮೂರೇ ಬಂತು. ಮೂರರಲ್ಲೂ ಬರೀ ಪ್ರಶ್ನಾರ್ಥಕ ಚಿಹ್ನೆ. ಒಂದರಲ್ಲಿ ಐದು, ಒಂದರಲ್ಲಿ ಆರು, ಇನ್ನೊಂದರಲ್ಲಿ ಏಳು. ಅಕ್ಷರ ಕಾಣದಿದ್ದರೂ ಲೆಕ್ಕ ಸರಿ ಇರಬಹುದು ಅಂದುಕೊಂಡು ನಾನೂ ಹಾಗೇ ಪ್ರಿಂಟ್ ತೆಗೆದು ಸಭೆಗೆ ಒಯ್ದೆ. ತಪ್ಪು ನನ್ನದೂ ಇದೆ. ಸಮಿತಿಯ ಹಿರಿಯ ಅಮ್ಮ ಒಬ್ಬರು ಕನ್ನಡಕ ಏರಿಸಿ ನೋಡಿ, "ಏನಪ್ಪಾ, ಇದ್ರಲ್ಲಿ ನಮ್ಮನೆ ಯಾವ ಪ್ರಶ್ನೆಯಲ್ಲಿದೆ?" ಅಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಮನೆಗೆ ಬಂದು ಬಿಡಿಸಿ ನೋಡಿದೆ. ಕಂಪ್ಯೂಟರಿಗೆ ಧಾರಾವಿ ಅಂದರೆ ಆರು ಗುರುತು: ಧ, ಇಳಿ, ರ, ಇಳಿ, ವ, ಗುಡಿಸು. ಕುರ್ಲಾ ಕೂಡ ಆರೇ: ಕ, ಕೊಂಬು, ರ, ಅರ್ಧಾಕ್ಷರದ ಗುರುತು, ಲ, ಇಳಿ. ನಿಮ್ಮ ಸಾಫ್ಟ್‌ವೇರ್ ತನಗೆ ಗೊತ್ತಿಲ್ಲದ ಪ್ರತಿ ಗುರುತಿನ ಜಾಗದಲ್ಲಿ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಇಡುತ್ತದೆ. ಹಾಗಾಗಿ ಎರಡೂ ಊರು ಒಂದೇ ಆದವು. ಮಾಟುಂಗಾಕ್ಕೂ ಚೆಂಬೂರಿಗೂ ಏಳೇಳು, ಅವೆರಡೂ ಒಂದು. ಸಯಾನ್, ವಡಾಲಾ ಐದೈದು, ಅವೂ ಒಂದು.

ಇಷ್ಟಕ್ಕೇ ಮುಗಿಯಲಿಲ್ಲ. ಫಾರಂ ಕೈಯಲ್ಲಿ ಎಣಿಸಿದರೆ ಧಾರಾವಿ 96, ಕುರ್ಲಾ 58, ಸೇರಿ 154. ನಿಮ್ಮ ಪಟ್ಟಿಯಲ್ಲಿ 163. ಈ ಒಂಬತ್ತು ಮನೆ ಎಲ್ಲಿಂದ ಬಂದವು ಅಂತ ಎರಡು ರಾತ್ರಿ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಸಯಾನ್‌ನಲ್ಲಿ. ನಮ್ಮ ಸ್ವಯಂಸೇವಕರೊಬ್ಬರ ಕೀಬೋರ್ಡ್ 'ನ್' ಆದಮೇಲೆ ಕಣ್ಣಿಗೆ ಕಾಣದ ಒಂದು ಗುರುತು ಸೇರಿಸುತ್ತದೆ. ಮುಂದಿನ ಅಕ್ಷರ ಒತ್ತಾಗಿ ಅಂಟಿಕೊಳ್ಳದಿರಲಿ ಅಂತ ಕನ್ನಡ ಟೈಪಿಂಗ್‌ನಲ್ಲಿ ಅದನ್ನು ಬಳಸುವುದು ಮಾಮೂಲು. ಆ ಒಂಬತ್ತು ಫಾರಂಗಳಲ್ಲಿ ಸಯಾನ್‌ಗೆ ಐದರ ಬದಲು ಆರು ಗುರುತು. ಸೀದಾ ಧಾರಾವಿ, ಕುರ್ಲಾದ ಸಾಲಿಗೆ ಹೋಗಿ ಕೂತಿವೆ.

ನನ್ನ ಮುಖ್ಯ ದೂರು ಇದೇ. ನಿಮ್ಮ ಸಾಫ್ಟ್‌ವೇರಿಗೆ ಕನ್ನಡ ಬರುವುದಿಲ್ಲ ಅನ್ನುವುದನ್ನು ಬೇಕಾದರೆ ಸಹಿಸಿಕೊಳ್ಳಬಹುದು. ಬರುವುದಿಲ್ಲ ಅಂತ ಬಾಯಿಬಿಟ್ಟು ಹೇಳದೆ, ಸುಮ್ನೆ ನುಂಗಿ, ಗಂಭೀರವಾಗಿ ಶೇಕಡಾವಾರು ಲೆಕ್ಕ ಕೊಡುತ್ತದಲ್ಲ, ಅದನ್ನು ಸಹಿಸುವುದು ಹೇಗೆ? ಒಂದು ಎಚ್ಚರಿಕೆಯ ಸಾಲೂ ಬರಲಿಲ್ಲ. ಫೈಲ್ ಸೇವ್ ಮಾಡಿದ ಮೇಲೆ ಆ ಚಿಹ್ನೆಗಳಿಂದ ಮೂಲ ಅಕ್ಷರ ವಾಪಸ್ ತರುವ ದಾರಿಯೂ ಇಲ್ಲ. ಎಕ್ಸೆಲ್ ಪ್ರತಿ ಇಟ್ಟುಕೊಂಡಿದ್ದಕ್ಕೆ ಬಚಾವಾದೆವು. ನಿಮ್ಮದರಲ್ಲೇ ಕೂತು ಮಾಡಿದ ಒಂದು ವಾರದ ತಿದ್ದುಪಡಿ ಹೋಯಿತು.

ಸಹಾಯವಾಣಿಗೆ ಫೋನ್ ಮಾಡಿದೆ. "ಇಂಗ್ಲಿಷ್ ಅಕ್ಷರದಲ್ಲಿ ಬರೆದುಬಿಡಿ ಸರ್" ಅಂದರು. ನಮ್ಮ ಫಾರಂನಲ್ಲಿ ತಂದೆಯ ಕಸುಬು ಅಂತ ಒಂದು ಪ್ರಶ್ನೆ ಇದೆ. ಒಬ್ಬರದು ಕಲ್ಲಿನ ಕೆಲಸ. ಇನ್ನೊಬ್ಬರದು, ಊರಲ್ಲಿದ್ದಾಗ, ಕಳ್ಳಿನ ಕೆಲಸ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಎರಡೂ ಒಂದೇ! ಹಾಗಂದಿದ್ದಕ್ಕೆ, "ಳಕ್ಕೆ ದೊಡ್ಡ ಎಲ್ ಹಾಕಿ" ಅಂದರು. ಸರಿ, ಹಾಕಿದೆ. ಎಣಿಸುವ ಮುಂಚೆ ನಿಮ್ಮ ಸಾಫ್ಟ್‌ವೇರ್ ದೊಡ್ಡ ಅಕ್ಷರವನ್ನೆಲ್ಲ ಚಿಕ್ಕದು ಮಾಡಿಕೊಳ್ಳುತ್ತದೆ. ಕಲ್ಲು ಒಡೆಯುವವರು, ಕಳ್ಳು ಇಳಿಸುವವರು ಮತ್ತೆ ಒಂದೇ ಸಾಲಲ್ಲಿ.

ಎರಡನೇ ಸಲ ಫೋನ್ ಮಾಡಿದಾಗ ಹೊಸ ಆವೃತ್ತಿ ಕಳಿಸಿದಿರಿ, ಅದರಲ್ಲಿ ಯೂನಿಕೋಡ್, ಅಂದರೆ ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ, ಇದೆ ಅಂತ. ಇದೆ, ಇಲ್ಲ ಅನ್ನುವುದಿಲ್ಲ. ಧಾರಾವಿ ಧಾರಾವಿಯಾಗೇ ಬಂತು. ಆದರೆ ಮಾಟುಂಗಾ ಹೋಗಿ 'ಮಾಟುಂಗ' ಆಗಿತ್ತು, ಬಾಲದಲ್ಲಿ ಒಂದು ಕಪ್ಪು ಚೌಕ. ಚೆಂಬೂರು 'ಚೆಂಬೂರ' ಆಗಿತ್ತು. ಊರಿನ ಕಾಲಂಗೆ 20 ಅಗಲ ಇಟ್ಟಿದ್ದೆ. ನೀವು ಆ 20 ಅನ್ನು ಅಕ್ಷರದಲ್ಲಿ ಎಣಿಸದೆ, ಕಂಪ್ಯೂಟರಿನ ಜಾಗದ ಅಳತೆಯಾದ ಬೈಟ್‌ನಲ್ಲಿ ಎಣಿಸುತ್ತೀರಿ. ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಗುರುತಿಗೂ 3 ಬೈಟ್. ಏಳು ಗುರುತಿನ ಮಾಟುಂಗಾಕ್ಕೆ 21 ಬೇಕು. ಒಂದೇ ಒಂದು ಬೈಟ್ ಸಾಲದೆ ಕೊನೆಯ ಇಳಿ ಮುರಿದು ಬಿತ್ತು. ಇಂಗ್ಲಿಷಿನಲ್ಲಿ ಅದೇ ಹೆಸರು ಏಳು ಬೈಟಿನಲ್ಲಿ ಕಾಲು ಚಾಚಿಕೊಂಡು ಕೂರುತ್ತದೆ. ನಿಮ್ಮ ಕಚೇರಿಯಲ್ಲಿ ಯಾರೂ ಕನ್ನಡದ, ಹೋಗಲಿ ಮರಾಠಿಯ, ಒಂದು ಊರಿನ ಹೆಸರು ಹಾಕಿಯೂ ಪರೀಕ್ಷೆ ಮಾಡಲಿಲ್ಲವೇ? ದೇವನಾಗರಿಗೂ ಗುರುತಿಗೆ 3 ಬೈಟೇ. ಮುಂಬಯಿಯಲ್ಲಿ ಕೂತು ಸಾಫ್ಟ್‌ವೇರ್ ಮಾರುವವರಿಗೆ ಇದು ಗೊತ್ತಿರಬೇಕಿತ್ತು.

ಇದು ಹೊಸ ವಿದ್ಯೆಯೇನೂ ಅಲ್ಲ. 1991ರ ಮೊದಲ ಯೂನಿಕೋಡ್‌ನಲ್ಲೇ ಕನ್ನಡ ಇತ್ತು. ಸ್ಟಾಟಾ ಅನ್ನುವ ಅಂಕಿಅಂಶ ಸಾಫ್ಟ್‌ವೇರ್ 2015ರಲ್ಲಿ ತನ್ನ 14ನೇ ಆವೃತ್ತಿಗೆ ಯೂನಿಕೋಡ್ ತಂದಿತು. ಅದರಲ್ಲಿ ಬೈಟ್ ಎಣಿಸಲು ಒಂದು ಆಜ್ಞೆ, ಅಕ್ಷರ ಎಣಿಸಲು ಬೇರೆಯೇ ಒಂದು ಆಜ್ಞೆ ಇದೆ. ಬಿಟ್ಟಿ ಸಿಗುವ 'ಆರ್' ಅನ್ನುವ ಅಂಕಿಅಂಶ ಸಾಫ್ಟ್‌ವೇರ್ ಕೂಡ 2022ರ 4.2 ಆವೃತ್ತಿಯಿಂದ ವಿಂಡೋಸ್‌ನಲ್ಲಿ ಯುಟಿಎಫ್-8 ಅನ್ನೇ ಬಳಸುತ್ತಿದೆ. ನಾವು ದುಡ್ಡು ಕೊಟ್ಟು ತಗೊಂಡಿದ್ದು ನಿಮ್ಮದನ್ನು.

ಅಕಾರಾದಿಯಲ್ಲಿ ಕೊನೆಗೆ ಬರಬೇಕಾದ ಳ ನಿಮ್ಮ ಪಟ್ಟಿಯಲ್ಲಿ ವ ಅಕ್ಷರಕ್ಕಿಂತ ಮುಂಚೆ ಬರುತ್ತದೆ. ಅದು ಸಣ್ಣ ದೂರು, ಇನ್ನೊಂದು ಸಲಕ್ಕೆ ಇರಲಿ.

ಈಗ ನೀವು ಮಾಡಬೇಕಾದ್ದು ಹೇಳುತ್ತೇನೆ. ಓದಲಾಗದ ಅಕ್ಷರ ಸಿಕ್ಕರೆ ಸಾಫ್ಟ್‌ವೇರ್ ಅಲ್ಲೇ ನಿಲ್ಲಬೇಕು, ಯಾವ ಸಾಲು, ಯಾವ ಕಾಲಂ ಅಂತ ತೋರಿಸಬೇಕು. ಕಾಲಂ ಅಗಲವನ್ನು ಅಕ್ಷರದಲ್ಲಿ ಎಣಿಸಬೇಕು. ಕಾಣದ ಗುರುತಿನಿಂದ ಒಂದೇ ಊರು ಎರಡು ಸಾಲಾದರೆ ಎಚ್ಚರಿಸಬೇಕು. ಹೊಸ ಆವೃತ್ತಿಯಲ್ಲಿ ಸಯಾನ್ ಈಗಲೂ ಎರಡು ಸಲ ಬರುತ್ತಿದೆ. ಇವು ಸರಿಯಾಗುವವರೆಗೆ ನಿಮ್ಮ ಜಾಹೀರಾತಿನಿಂದ 'ಎಲ್ಲಾ ಭಾರತೀಯ ಭಾಷೆಗಳು' ಅನ್ನುವ ಸಾಲು ತೆಗೆಯಿರಿ. ನಮ್ಮ ವರ್ಷದ ಶುಲ್ಕ ಪೂರ್ತಿ ವಾಪಸ್ ಮಾಡಿ. ಅದು ಸದಸ್ಯರ ಚಂದಾ ದುಡ್ಡು, ಲೆಕ್ಕಪತ್ರದಲ್ಲಿ ತೋರಿಸಬೇಕಾದವನು ನಾನು.

15 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಡುತ್ತೇನೆ. ಮೂರು ಸಾಲಿನ ಆ ಪಟ್ಟಿ, ಮೂಲ ಎಕ್ಸೆಲ್ ಫೈಲಿನ ಊರಿನ ಕಾಲಂ ಮತ್ತು ಮುರಿದ ಮಾಟುಂಗಾದ ಸ್ಕ್ರೀನ್‌ಶಾಟ್ ಜೊತೆಗಿವೆ. ಮನೆಯವರ ಹೆಸರು, ಫೋನ್ ನಂಬರ್ ತೆಗೆದಿದ್ದೇನೆ.

ಮತ್ತೆ, ಆ ಕುಂದಾಪುರದ ಹುಡುಗನನ್ನು ಬೈಯಬೇಡಿ. ನೀವು ಹೇಳಿಕೊಟ್ಟಿದ್ದನ್ನೇ ಅವರು ನಮಗೆ ಹೇಳಿರುತ್ತಾರೆ.

ಇಂತಿ,
ಸಂಘದ ಕಾರ್ಯದರ್ಶಿ
ಮಾಟುಂಗಾ, ಮುಂಬಯಿ